ಹಾರ ಹಾಕಿದ ಫೋಟೋ

ಬೆಂಗಳೂರು
12 ಜನವರಿ 2004

ಮಗಳು ನೀರಜಾಳಿಗೆ,

ನಿನ್ನ ವಿಳಾಸ ಕೊಟ್ಟವನು ನಿನ್ನ ಸೋದರಮಾವ ಅನಂತಕೃಷ್ಣ. ಅವನನ್ನು ಬೈಯಬೇಡ. ಮಲ್ಲೇಶ್ವರದ ಒಂದು ಮದುವೆಮನೆಯ ಪಂಕ್ತಿಯಲ್ಲಿ ನನ್ನ ಪಕ್ಕದ ಎಲೆಗೇ ಬಂದು ಕೂತ. ನನ್ನನ್ನು ಕಂಡ ಮೇಲೆ ಎದ್ದು ಹೋಗುವ ಹಾಗಿರಲಿಲ್ಲ, ಅನ್ನ ಬಡಿಸಿಬಿಟ್ಟಿದ್ದರು. "ನೀರಜಾ ಸ್ವೀಡನ್ನಲ್ಲಿ ಪಿಎಚ್.ಡಿ. ಮಾಡ್ತಿದಾಳೆ ಭಾವ, ಸಿನಿಮಾ ಮೇಲೆ" ಎಂದ. ಯಾರ ಸಿನಿಮಾ ಎಂದು ಕೇಳಿದೆ. "ಹಳೇ ಹಾಲಿವುಡ್ಡಿನಲ್ಲಿದ್ದ ಯಾವನೋ ಸ್ವೀಡಿಷ್ ನಟನಂತೆ. ಹೀರೋ ಅಲ್ಲ, ಹಿಂದೆ ನಿಂತ್ಕೊಳ್ಳೋ ಪೈಕಿ" ಎಂದು ಹಪ್ಪಳ ಮುರಿದ.

ಹಿಂದೆ ನಿಂತುಕೊಳ್ಳುವ ಪೈಕಿ! ಹಿತ್ತಲ ಗಿಡ ಮದ್ದಲ್ಲ ಅಂತ ದೊಡ್ಡವರು ಸುಮ್ಮನೆ ಹೇಳಿದರೇನು? ನಲವತ್ತೊಂದು ವರ್ಷ, ನೂರ ಹನ್ನೆರಡು ಕನ್ನಡ ಚಿತ್ರಗಳಲ್ಲಿ ಹಿಂದೆ ನಿಂತವನು ಒಬ್ಬ ನಿನ್ನ ಮನೆಯಲ್ಲೇ ಇದ್ದನಲ್ಲ, ತಾಯಿ. ಇನ್ಸ್‌ಪೆಕ್ಟರ್, ಜಡ್ಜ್, ಆಪರೇಷನ್ ಕೋಣೆಯಿಂದ ಕನ್ನಡಕ ತೆಗೆಯುತ್ತ ಹೊರಬರುವ ಡಾಕ್ಟರು. ಬೇರೊಬ್ಬನನ್ನು ಹುಡುಕಲು ಏಳು ಸಮುದ್ರ ದಾಟಬೇಕಾಯಿತೇ? ಇದನ್ನು ಕೋಪದಿಂದ ಕೇಳುತ್ತಿಲ್ಲ. ಕೋಪವೂ ಸ್ವಲ್ಪ ಇದೆ.

ನಿನ್ನ ಅಂತಿಮ ಪರೀಕ್ಷೆ ಅಲ್ಲಿ ಬಹಿರಂಗವಾಗಿ ನಡೆಯುತ್ತದಂತೆ, ಅಪ್ಪ ಅಮ್ಮಂದಿರೆಲ್ಲ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಾರಂತೆ. ನಿನ್ನ ಅಮ್ಮ ವಸಂತಿ ಈಗಿಲ್ಲ. ನಾನಿದ್ದೇನೆ. ನನಗೆ ಈಗ ಎಪ್ಪತ್ತು. ಪಾಸ್‌ಪೋರ್ಟ್ ಮಾಡಿಸಿದ್ದೇನೆ. ಆಹ್ವಾನ ಪತ್ರ ನೀನು ಕಳಿಸಬೇಕಂತೆ, ಅದೊಂದು ಕಳಿಸು. ಜೀವನದಲ್ಲಿ ಒಮ್ಮೆ ಮುಂದಿನ ಸಾಲಿನಲ್ಲಿ ಕೂತು ನನ್ನ ಮಗಳು ಮಾತಾಡುವುದನ್ನು ನೋಡಬೇಕು. ಇನ್ನೇನೂ ಕೇಳುವುದಿಲ್ಲ.

ನಿನ್ನ ತಂದೆ,
ರಮಾನಂದ


ಸೋಲ್ನಾ
8 ಫೆಬ್ರವರಿ 2004

ಶ್ರೀ ರಮಾನಂದ ಅವರಿಗೆ,

ನಿಮ್ಮ ಕಾಗದ ತಲುಪಿತು. ಮಾವನನ್ನು ಬೈದಿಲ್ಲ.

ನಾನು ಬರೆಯುತ್ತಿರುವುದು ಎಮಿಲ್ ಹೆಡ್‌ಲುಂಡ್ ಎಂಬುವನ ಬಗ್ಗೆ. ಸ್ಯಾಂಡ್‌ವಿಕೆನ್‌ನ ಉಕ್ಕಿನ ಕಾರ್ಖಾನೆಯ ಕೆಲಸಗಾರನ ಮಗ, 1913ರಲ್ಲಿ ಅಮೆರಿಕಕ್ಕೆ ಹೋದ. ಎಂಬತ್ತನಾಲ್ಕು ಚಿತ್ರಗಳು, ಒಂಬತ್ತರಲ್ಲಿ ಮಾತ್ರ ಅವನ ಹೆಸರು ಬರುತ್ತದೆ. ಶ್ರೀಮಂತರ ಮನೆಯ ಬಟ್ಲರ್, ಪಾದ್ರಿ, ಬ್ಯಾಂಕಿನ ಗುಮಾಸ್ತ. ಮಾತಿನ ಚಿತ್ರಗಳು ಬಂದಾಗ ಅವನ ಇಂಗ್ಲಿಷ್ ಸ್ಯಾಂಡ್‌ವಿಕೆನ್‌ನದೇ ಆಗಿದ್ದರಿಂದ ಬಾಯಿ ತೆರೆಯದ ಪಾತ್ರಗಳನ್ನೇ ಕೊಟ್ಟರು. ಅಲ್ಲಿಂದ ತಂಗಿ ಎಲ್ಲೆನ್‌ಗೆ ಬರೆಯುತ್ತಿದ್ದ ಕಾಗದಗಳಲ್ಲಿ ಮಾತ್ರ ಅವನು ಹೀರೋ. ಆ ಕಾಗದಗಳು ಒಂದು ಕಾಫಿ ಡಬ್ಬದಲ್ಲಿದ್ದವು. ಎಲ್ಲೆನ್‌ಳ ಮೊಮ್ಮಗ ನನಗೆ ಕೊಟ್ಟ.

ಅವನನ್ನೇ ಏಕೆ ಆರಿಸಿಕೊಂಡೆ ಎಂದು ಇಲ್ಲಿ ಯಾರೂ ಕೇಳಿಲ್ಲ. ನೀವೂ ಕೇಳಬೇಡಿ.

ಬಹಿರಂಗ ಪರೀಕ್ಷೆ ಮುಂದಿನ ವರ್ಷದ ಮಾತು. ಈಗಲೇ ಆಹ್ವಾನದ ಅವಸರವಿಲ್ಲ. ಇಲ್ಲಿ ಚಳಿ ಬಹಳ.

ನೀರಜಾ


ಬೆಂಗಳೂರು
27 ಫೆಬ್ರವರಿ 2004

ಪ್ರೀತಿಯ ನೀರಜಾ,

"ಶ್ರೀ ರಮಾನಂದ ಅವರಿಗೆ" ಎಂದು ಬರೆದಿದ್ದೀಯ. ಮುನಿಸಿಪಾಲಿಟಿಯವರೂ ಹೀಗೇ ಬರೆಯುತ್ತಾರೆ. ಇರಲಿ, ಬರೆದೆಯಲ್ಲ, ಅಷ್ಟೇ ಸಂತೋಷ.

ನಿನ್ನ ಎಮಿಲ್ ಬಾಗಿಲು ತೆಗೆಯುವುದನ್ನು ಗಮನಿಸಿದ್ದೀಯಾ? ಪಂಡಿತರಿಗೆ ಇದು ತಿಳಿಯುವುದಿಲ್ಲ, ನಾನು ಹೇಳುತ್ತೇನೆ ಕೇಳು. ಆಳಿನ ಪಾತ್ರ ಮಾಡುವವನು ಚಿಲಕ ನೋಡಬಾರದು. ದಿನಾ ತೆಗೆಯುವ ಬಾಗಿಲಿನ ಚಿಲಕವನ್ನು ಯಾರು ನೋಡುತ್ತಾರೆ? ಬಂದವನ ಮುಖವನ್ನೂ ನೋಡಬಾರದು, ಕೋಟು ನೋಡಬೇಕು, ಅದನ್ನು ಇಸಿದುಕೊಳ್ಳಬೇಕಲ್ಲ. ಆಮೇಲೆ ಅರ್ಧ ಹೆಜ್ಜೆ ಹಿಂದೆ. ಒಂದು ಹೆಜ್ಜೆ ಇಟ್ಟರೆ ಚೌಕಟ್ಟಿನಿಂದಲೇ ಹೊರಗೆ ಹೋಗುತ್ತೀಯ, ಇಡದಿದ್ದರೆ ಹೀರೋ ಮುಖಕ್ಕೆ ನಿನ್ನ ನೆರಳು ಬೀಳುತ್ತದೆ. "ರಮಾನಂದ್ರೇ, ಅರ್ಧ!" ಎಂದು ಕ್ಯಾಮೆರಾದವನು ಕೂಗುವ ಮೊದಲೇ ನನ್ನ ಕಾಲು ಹಿಂದೆ ಹೋಗಿರುತ್ತಿತ್ತು.

ಇನ್ನೊಂದು ಹೇಳುತ್ತೇನೆ, ನಗುತ್ತೀಯ. 1961ರಲ್ಲಿ ಮದರಾಸಿನ ಒಂದು ಸ್ಟುಡಿಯೋದಲ್ಲಿ ನನಗೆ ಕರಿ ಕೋಟು, ಮೈಸೂರು ಪೇಟ ಹಾಕಿಸಿ ಒಂದು ಫೋಟೋ ತೆಗೆದರು. ಕಥಾನಾಯಕಿಯ ಸತ್ತ ಅಪ್ಪ. ಗಂಧದ ಹಾರ ಹಾಕಿ ಗೋಡೆಗೆ ನೇತುಹಾಕಿದರು. ಚಿತ್ರ ಮುಗಿದ ಮೇಲೆ ಪ್ರೊಡಕ್ಷನ್ ಮ್ಯಾನೇಜರ್ ಅದನ್ನು ತನ್ನ ಟ್ರಂಕಿನಲ್ಲಿಟ್ಟುಕೊಂಡ. ಆಮೇಲೆ ಯಾರ ಚಿತ್ರದಲ್ಲಿ ಸತ್ತ ಅಪ್ಪ ಬೇಕಾದರೂ ಟ್ರಂಕು ತೆಗೆಯುವುದು, ಹಾರ ಬದಲಿಸುವುದು. ನನ್ನನ್ನು ಕೇಳುವುದೂ ಇಲ್ಲ, ಕರೆಯುವುದೂ ಇಲ್ಲ. ಹೀಗೆ ನಾನು ಇಪ್ಪತ್ಮೂರು ಹೀರೋಯಿನ್‌ಗಳ ದಿವಂಗತ ತಂದೆ! ಬದುಕಿರುವವನ ಫೋಟೋಕ್ಕೆ ಹಾರ ಹಾಕಬಾರದು ಅಂತ ವಸಂತಿ ಮೊದಲಿನಿಂದ ಹೇಳುತ್ತಿದ್ದಳು. ನಾನು ನಗುತ್ತಿದ್ದೆ.

ನಿನಗೆ ನೆನಪಿದೆಯೋ ಇಲ್ಲವೋ, ಒಂದು ದಸರಾಕ್ಕೆ ಮದರಾಸಿನಿಂದ ಮೈಸೂರಿನ ಮನೆಗೆ ಬಂದಿದ್ದೆ. ಬಾಗಿಲಲ್ಲಿ ನನ್ನನ್ನು ಕಂಡಿದ್ದೇ ತಡ, ನೀನು ಕಿಟಾರನೆ ಕಿರುಚಿ ಬಚ್ಚಲುಮನೆಗೆ ಓಡಿ ಅಗಳಿ ಹಾಕಿಕೊಂಡೆ. ಇನ್ಸ್‌ಪೆಕ್ಟರ್ ಪಾತ್ರಕ್ಕೆಂದು ಬೆಳೆಸಿದ್ದ ಮೀಸೆ ನೋಡಿ! ಇಪ್ಪತ್ತೈದು ವರ್ಷ ಈ ಕಥೆ ಹೇಳಿ ಸೆಟ್ಟಿನಲ್ಲಿ ಎಲ್ಲರನ್ನೂ ನಗಿಸಿದ್ದೇನೆ.

ಚಳಿಯ ಚಿಂತೆ ಬೇಡ. ಕೋಟು ಸಂಪಾದಿಸುತ್ತೇನೆ. ಆಹ್ವಾನ ಪತ್ರ ಮರೆಯಬೇಡ.

ನಿನ್ನ ತಂದೆ,
ರಮಾನಂದ


ಸೋಲ್ನಾ
14 ಜೂನ್ 2004

ನಮಸ್ಕಾರ.

ಉತ್ತರ ತಡವಾಯಿತು. ಸಂಗ್ರಹಾಲಯದಲ್ಲಿ ಎಮಿಲ್‌ನ ಆರು ಚಿತ್ರಗಳನ್ನು ಎಡಿಟಿಂಗ್ ಮೇಜಿನ ಮೇಲೆ ನಿಧಾನವಾಗಿ ಓಡಿಸಿ ನೋಡಿದೆ. ಅವನು ಚಿಲಕ ನೋಡುವುದಿಲ್ಲ. ಕೋಟು ನೋಡುತ್ತಾನೆ. ಅರ್ಧ ಹೆಜ್ಜೆಯನ್ನೂ ಇಡುತ್ತಾನೆ. ನಾಲ್ಕು ವರ್ಷದಿಂದ ನೋಡುತ್ತಿದ್ದ ದೃಶ್ಯಗಳು, ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನನ್ನ ಮಾರ್ಗದರ್ಶಕಿ "ಇದು ಹೊಸ ಅಧ್ಯಾಯವೇ ಆಗುತ್ತದೆ" ಎಂದರು.

ಕೆಲವು ವಿವರಗಳು ಬೇಕು. ಸಂಭಾಷಣೆ ಇಲ್ಲದ ಪಾತ್ರಕ್ಕೂ ರಿಹರ್ಸಲ್ ಇರುತ್ತಿತ್ತೇ? ನಿಮ್ಮ ದನಿಯನ್ನು ಬೇರೆಯವರು ಡಬ್ ಮಾಡಿದರೆ ನಿಮಗೆ ಮೊದಲೇ ತಿಳಿಸುತ್ತಿದ್ದರೇ? ದೃಶ್ಯ ಕತ್ತರಿಸಿದರೆ? ಸಾಧ್ಯವಾದಷ್ಟು ವಿವರವಾಗಿ ಬರೆಯಿರಿ.

ಆಹ್ವಾನದ ವಿಷಯ ಸ್ವಲ್ಪ ತೊಡಕಿದೆ. ನಾನಿರುವುದು ಒಂದೇ ಕೋಣೆಯ ಮನೆ, ಅದೂ ಬೇರೆಯವರ ಬಾಡಿಗೆಮನೆಯ ಒಳಬಾಡಿಗೆ. ಅತಿಥಿಗಳನ್ನು ಇಟ್ಟುಕೊಳ್ಳಲು ಒಪ್ಪಿಗೆ ಬೇಕಾಗಬಹುದು. ಕಾಗದಪತ್ರಗಳಲ್ಲಿ ಬೇರೆ ಒಂದೆರಡು ವಿಷಯ ನೋಡಬೇಕು. ನೋಡಿ ಬರೆಯುತ್ತೇನೆ.

ನೀರಜಾ


ಬೆಂಗಳೂರು
30 ಜೂನ್ 2004

ನೀರಜಾ,

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯಬೇಡ. ಬರಬೇಡ ಎಂದರೆ ಬರಬೇಡ ಎನ್ನು. ಒಂದು ಕೋಣೆ ಸಾಲದಂತೆ! ಮದರಾಸಿನ ಕೋಡಂಬಾಕ್ಕಂನಲ್ಲಿ ಒಂದು ಕೋಣೆಯಲ್ಲಿ ಏಳು ಜನ ಮಲಗಿದವನು ನಾನು.

ನನಗೆ ಅರ್ಥವಾಗುತ್ತದೆ. ಎಮಿಲ್ ಸತ್ತಿದ್ದಾನೆ, ಬಿಳಿಯ, ಕಪ್ಪುಬಿಳುಪಿನವನು. ಅವನನ್ನು ಪ್ರೊಫೆಸರರ ಮುಂದೆ ತೋರಿಸಬಹುದು. ನಾನು ಬದುಕಿದ್ದೇನೆ, ಬಣ್ಣ ಹಾಕಿದ ತಲೆ, ಹಳೆ ನಟನ ಹಾಗೆ ಜೋರಾಗಿ ಮಾತಾಡುತ್ತೇನೆ. ಫೀಕಾ ಎಂದು ಕಾಫಿ ಕುಡಿಯುವ ಆ ಜನರ ನಡುವೆ ನಿನಗೆ ಮಾನ ಹೋಗುತ್ತದೆ. ಆದರೆ ಅದೇ ಮನುಷ್ಯನ ಅರ್ಧ ಹೆಜ್ಜೆ ಬೇಕು, ಡಬ್ಬಿಂಗ್ ಬೇಕು, ವಿವರವಾಗಿ ಬೇಕು. ಹಾಲು ಬೇಕು, ಹಸುವಿಗೆ ಕೊಟ್ಟಿಗೆ ಇಲ್ಲ.

ನಾನು ಕೋಟು ತಂದಾಗಿದೆ, ನಾಟಕದ ಉಡುಪಿನ ಅಂಗಡಿಯಿಂದ. ಎಪ್ಪತ್ತು ವರ್ಷದವನು ಕನ್ನಡಿ ಮುಂದೆ ನಿಂತು ನೋಡಿಕೊಂಡೆ. ಮುಂದಿನ ಸಾಲಿನಲ್ಲಿ ಕೂರುವ ಅಪ್ಪನ ಹಾಗೇ ಕಂಡೆ. ಇದು ನನಗೆ ಅಭಿನಯವೂ ಅಲ್ಲ, ಆದರೂ ಯಾರೂ ಪಾತ್ರ ಕೊಡುವುದಿಲ್ಲ.

ವಸಂತಿ ನಿನ್ನ ಕಿವಿಯಲ್ಲಿ ಏನು ತುಂಬಿದಳೋ ನನಗೆ ಗೊತ್ತಿಲ್ಲ. ಸತ್ತವಳ ಮೇಲೆ ಮಾತು ಬೇಡ. ಆದರೆ ತುಂಬಿದ್ದಾಳೆ.

ರಮಾನಂದ


ಸೋಲ್ನಾ
21 ನವೆಂಬರ್ 2004

ರಮಾನಂದ ಅವರಿಗೆ,

ಐದು ತಿಂಗಳು ಬರೆಯಲಿಲ್ಲ. ಅಮ್ಮನ ಮೇಲೆ ಆ ಮಾತು ಬರೆಯದಿದ್ದರೆ ಇದನ್ನೂ ಬರೆಯುತ್ತಿರಲಿಲ್ಲ.

ಅಮ್ಮ ನನ್ನ ಕಿವಿಯಲ್ಲಿ ಏನೂ ತುಂಬಲಿಲ್ಲ. ಅದೇ ಅವಳ ತಪ್ಪು. 1976, ಮೈಸೂರು. ನನಗೆ ಆರು ವರ್ಷ. ನೀವು ಮನೆಗೆ ಬಂದು ಒಂದು ವರ್ಷದ ಮೇಲಾಗಿತ್ತು. ಅಮ್ಮ ತಾನು ಪಾಠ ಮಾಡುತ್ತಿದ್ದ ಶಾಲೆಗೆ ಅರ್ಧ ದಿನ ರಜ ಹಾಕಿ, ಸಾಸಿವೆ ಬಣ್ಣದ ರೇಷ್ಮೆ ಸೀರೆ ಉಟ್ಟು ನನ್ನನ್ನು ಮ್ಯಾಟಿನಿಗೆ ಕರೆದುಕೊಂಡು ಹೋದಳು. "ನೋಡ್ತಿರು ಪುಟ್ಟಿ, ಅಪ್ಪ ಬರ್ತಾರೆ" ಎಂದಳು. ನಾನು ಕಣ್ಣು ಮಿಟುಕಿಸದೆ ನೋಡಿದೆ. ಬಂದಿರಿ. ಗೋಡೆಯ ಮೇಲೆ, ಪೇಟ, ಹಾರ, ಹಣೆಗೆ ಕುಂಕುಮ, ಮುಂದೆ ದೀಪ. ಹೀರೋಯಿನ್ ಕೈಮುಗಿದು "ಅಪ್ಪಾ, ನೀವಿದ್ದಿದ್ದರೆ ನನಗೆ ಈ ಗತಿ ಬರ್ತಿತ್ತೇ?" ಎಂದು ಅತ್ತಳು. ನಾನು "ಅದು ನಮ್ಮಪ್ಪ!" ಎಂದು ಕೂಗಿದೆ. ಹಿಂದಿನವರು ನಕ್ಕರು. ಅಮ್ಮ ನನ್ನ ಬಾಯಿ ಮುಚ್ಚಿದಳು. ಚಿತ್ರ ಮುಗಿದು ದೀಪ ಹಾಕಿದ ಮೇಲೂ ಅವಳು ಏಳಲಿಲ್ಲ, ಇನ್ನೂ ಏನೋ ಬರಬೇಕಿದೆ ಎನ್ನುವ ಹಾಗೆ ಕೂತೇ ಇದ್ದಳು.

ಜಟಕಾದಲ್ಲಿ ಕೇಳಿದೆ, "ಅಪ್ಪ ಸತ್ತೋದ್ರಾ?" ಅವಳು ಹೂಂ ಎನ್ನಲಿಲ್ಲ. ಉಹೂಂ ಎನ್ನಲೂ ಇಲ್ಲ. ಮರುದಿನ ನನ್ನ ಶಾಲೆಯಲ್ಲಿ ಟೀಚರಿಗೆ, ಅಪ್ಪ ಸತ್ತೋದ್ರು ಎಂದು ಹೇಳಿದೆ. ಅವರು ಒಂದು ಪೆಪ್ಪರಮೆಂಟು ಕೊಟ್ಟು ಮುಂದಿನ ಬೆಂಚಿಗೆ ಕೂರಿಸಿದರು. ಒಂದು ವರ್ಷ ನಾನು ಅಪ್ಪನಿಲ್ಲದ ಹುಡುಗಿ. ಆಮೇಲೆ ದಸರಾಕ್ಕೆ ಬಾಗಿಲು ತೆಗೆದರೆ ಗೋಡೆಯ ಮೇಲಿನವನು ಹಣ್ಣಿನ ಬುಟ್ಟಿ ಹಿಡಿದು ನಿಂತಿದ್ದ. ನಾನು ಕಿರುಚಿದ್ದು ಮೀಸೆಗಲ್ಲ. ನಿಮ್ಮ ಸೆಟ್ಟಿನವರೆಲ್ಲ ಇಪ್ಪತ್ತೈದು ವರ್ಷ ನಕ್ಕಿದ್ದು ಇದಕ್ಕೆ.

ಅಮ್ಮ ಹೋದಾಗ ಟಿವಿ ಧಾರಾವಾಹಿಯ ಶೂಟಿಂಗಿನಿಂದ ಹದಿಮೂರನೆಯ ದಿನ ಬಂದಿರಿ, ಊಟದ ಹೊತ್ತಿಗೆ. ಮರುವರ್ಷ ಸ್ವೀಡನ್ನಿನಲ್ಲಿ ವಾಸದ ಪರ್ಮಿಟ್ಟಿಗೆ ಅರ್ಜಿ ತುಂಬುವಾಗ ತಂದೆಯ ವಿವರ ಕೇಳಿದ್ದರು. ಹೆಸರು ಬರೆದೆ. ಪಕ್ಕದಲ್ಲಿ "ನಿಧನ" ಎಂದು ಬರೆದೆ. ಯಾರೂ ಕೈಹಿಡಿದು ಬರೆಸಲಿಲ್ಲ. ಮೂವತ್ತು ವರ್ಷದ ಹೆಂಗಸು, ನಾನೇ ಬರೆದೆ, ಬರೆದು ಹಗುರವಾಯಿತು.

ಇಲ್ಲಿನ ಸರ್ಕಾರದ ಕಡತದಲ್ಲಿ ನೀವಿಲ್ಲ. ಇಲ್ಲದವರಿಗೆ ಆಹ್ವಾನ ಕಳಿಸಲು ಭಯವಾಯಿತು. ಸುಳ್ಳು ಬರೆದವಳೆಂದು ನನ್ನ ಪರ್ಮಿಟ್ಟೇ ಹೋದೀತೆಂದು. ಮಾನ ಹೋಗುತ್ತದೆಂದು ಅಲ್ಲ. ಕೋಣೆಯ ಮಾತು ಸುಳ್ಳು.

ನೀರಜಾ


ಬೆಂಗಳೂರು
3 ಮಾರ್ಚ್ 2005

ನೀರಜಾ,

ಮೂರು ಸಲ ಬರೆದು ಹರಿದೆ.

ದೃಶ್ಯ ಕತ್ತರಿಸಿದರೆ ತಿಳಿಸುತ್ತಿದ್ದರೇ ಎಂದು ನೀನು ಜೂನ್‌ನಲ್ಲಿ ಕೇಳಿದ್ದೆ. ತಿಳಿಸುತ್ತಿರಲಿಲ್ಲ. ಈಗ ವಿವರವಾಗಿ ಬರೆಯುತ್ತೇನೆ.

ನೀನು ನೋಡಿದ ಆ ಚಿತ್ರದಲ್ಲಿ ನಾನು ಫೋಟೋ ಅಲ್ಲ. ಕಥಾನಾಯಕಿಯ ತಂದೆ, ನಾಲ್ಕು ದೃಶ್ಯ, ಎರಡು ಪುಟ ಸಂಭಾಷಣೆ. ನನಗೆ ಅಷ್ಟು ದೊಡ್ಡ ಪಾತ್ರ ಅದಕ್ಕೆ ಮೊದಲೂ ಸಿಕ್ಕಿರಲಿಲ್ಲ, ಆಮೇಲೂ ಸಿಗಲಿಲ್ಲ. "ಅಂಟಿಸೋ ಗಡ್ಡ ಬೇಡ, ಸ್ವಂತದ್ದು ಬೆಳೆಸಿ. ಮುಗಿಯೋವರೆಗೂ ತೆಗೀಬೇಡಿ, ಮದರಾಸು ಬಿಡಬೇಡಿ, ಯಾವಾಗ ಬೇಕಾದ್ರೂ ಕರೀತೀವಿ" ಎಂದರು. ಗಡ್ಡ ತೆಗೆದರೆ ಒಂದು ದೃಶ್ಯಕ್ಕೂ ಇನ್ನೊಂದಕ್ಕೂ ಹೊಂದುವುದಿಲ್ಲ. ಆ ಗಡ್ಡದಲ್ಲಿ ಬೇರೆ ಚಿತ್ರವನ್ನೂ ಮಾಡುವ ಹಾಗಿಲ್ಲ. ಕಥಾನಾಯಕಿಗೆ ಪುರುಸೊತ್ತು ಸಿಕ್ಕಾಗ ನನ್ನ ಕರೆ. ನಾಲ್ಕು ದೃಶ್ಯಕ್ಕೆ ಹದಿನಾಲ್ಕು ತಿಂಗಳು ಹಿಡಿಯಿತು. ನಾನು ಬಾರದೆ ಇದ್ದ ಆ ವರ್ಷ ಅದೇ.

ಮುಗಿದ ದಿನ ವಸಂತಿಗೆ ಬರೆದೆ. "ಈ ಸಲ ಹಿಂದೆ ನಿಂತಿಲ್ಲ. ಮಗೂನ ಕರ್ಕೊಂಡು ಹೋಗು. ಅವಳಿಗೆ ಅಪ್ಪ ಏನು ಮಾಡ್ತಾನೆ ಅಂತ ಗೊತ್ತಾಗಲಿ." ಹೀಗೆಯೇ ಬರೆದಿದ್ದೆ. ಅದಕ್ಕೇ ರೇಷ್ಮೆ ಸೀರೆ.

ಚಿತ್ರ ಉದ್ದವಾಯಿತಂತೆ. ಅಪ್ಪನನ್ನು ಮೊದಲೇ ಸಾಯಿಸಿದರೆ ಎರಡು ರೀಲು ಉಳಿಯುತ್ತದೆಂದು ನಾಲ್ಕೂ ದೃಶ್ಯ ತೆಗೆದರು, ಟ್ರಂಕಿನಿಂದ ಫೋಟೋ ತೆಗೆದು ನೇತುಹಾಕಿದರು. ಡಬ್ಬಿಂಗಿಗೆ ಕರೆಯಲಿಲ್ಲ, ಎಂದಿನ ಹಾಗೆ ಬೇರೆಯವರ ಕೈಲಿ ಮಾಡಿಸಿದ್ದಾರೆ ಎಂದುಕೊಂಡೆ. ಮೂರು ತಿಂಗಳ ಮೇಲೆ ದುಡ್ಡು ಕೊಟ್ಟು ಟಾಕೀಸಿನಲ್ಲಿ ನೋಡಿದೆ. ಆಮೇಲೆ ಯಾವ ಮುಖ ಹೊತ್ತು ಮೈಸೂರಿಗೆ ಬರಲಿ? ಬಂದಾಗ ವಸಂತಿ ಚಿತ್ರ ನೋಡಿದೆ ಎನ್ನಲಿಲ್ಲ. ನೋಡಿದೆಯಾ ಎಂದು ನಾನು ಕೇಳಲಿಲ್ಲ. ನೀನು ಕಿರುಚಿದೆ, ನಾನು ಮೀಸೆ ಎಂದುಕೊಂಡೆ. ಅವಳಿಗೆ ಗೊತ್ತಿತ್ತು. ನಾನು ನಗುವುದನ್ನು ನೋಡುತ್ತ ನಿಂತಿದ್ದಳು.

ಹದಿಮೂರನೆಯ ದಿನದ ತಪ್ಪು ನನ್ನದೇ.

ರಮಾನಂದ


ಸೋಲ್ನಾ
5 ಮೇ 2005

ಅಪ್ಪ,

ಈ ಪದ ಬರೆದು ಎಷ್ಟು ವರ್ಷವಾಯಿತೋ.

ನಿಮ್ಮ ಕಾಗದವನ್ನು ಲೋಕಲ್ ರೈಲಿನಲ್ಲಿ ಓದಿದೆ, ಇಳಿಯುವ ಸ್ಟೇಷನ್ ದಾಟಿಹೋಯಿತು. ಮರುವಾರ ಪರ್ಮಿಟ್ಟಿನ ಕಚೇರಿಗೆ ಹೋದೆ. ಅಲ್ಲಿನ ಹೆಂಗಸಿಗೆ, ನನ್ನ ತಂದೆ ಬದುಕಿದ್ದಾರೆ, ಕಡತ ತಿದ್ದಬೇಕು ಎಂದೆ. ಅವಳು ನನ್ನ ಪೆರ್ಶೂನ್‌ನುಮ್ಮರ್, ಅಂದರೆ ಇಲ್ಲಿ ಪ್ರತಿಯೊಬ್ಬರಿಗೂ ಕೊಡುವ ಗುರುತಿನ ಸಂಖ್ಯೆ, ಒತ್ತಿ, ಪರದೆ ನೋಡಿ, ತಲೆಯೆತ್ತದೆ ಕೇಳಿದಳು: "ಬದುಕಿರುವುದು ನಿಮಗೆ ಯಾವಾಗ ಗೊತ್ತಾಯಿತು?" ಅವಳು ಉತ್ತರಕ್ಕೆ ಕಾಯಲಿಲ್ಲ, ತಪ್ಪೊಪ್ಪಿಗೆ ಬರೆಸಿಕೊಂಡು ತಿದ್ದಿದಳು. ಐದು ನಿಮಿಷದ ಕೆಲಸ. ಅಷ್ಟಕ್ಕೆ ನಿಮ್ಮನ್ನು ಒಂದು ವರ್ಷದ ಮೇಲೆ ಕಾಯಿಸಿದೆ.

ಎಲ್ಲೆನ್ 1934ರಲ್ಲಿ ಎಮಿಲ್‌ಗೆ ಬರೆದ ಒಂದು ಕಾಗದ ಡಬ್ಬದ ತಳದಲ್ಲಿತ್ತು. "ಊರಿನ ಟಾಕೀಸಿನಲ್ಲಿ ನಿನ್ನನ್ನು ನೋಡಿದೆ. ನೀನು ಬರೆದಂತೆ ಹೀರೋ ಅಲ್ಲ. ಆದರೆ ಬಾಗಿಲು ಬಹಳ ಚೆನ್ನಾಗಿ ತೆಗೆದೆ." ಎಮಿಲ್ ಮನೆ ಬದಲಿಸಿದ್ದನಂತೆ, ಅದು ತೆರೆಯದೆ ವಾಪಸು ಬಂತು. ನನ್ನ ಈ ಕಾಗದ ಹಾಗೆ ವಾಪಸು ಬರಬಾರದು.

ನಿನ್ನೆ ಪ್ರಬಂಧಕ್ಕೆ ಮೊಳೆ ಹೊಡೆದೆ. ಇಲ್ಲಿ ಅದೊಂದು ಪದ್ಧತಿ. ಅಚ್ಚಾದ ಪುಸ್ತಕಕ್ಕೆ ತೂತು ಕೊರೆದು, ಎಲ್ಲರೂ ಸುತ್ತ ನಿಂತಿರುವಾಗ ವಿಭಾಗದ ಹಲಗೆಗೆ ಸುತ್ತಿಗೆಯಿಂದ ಮೊಳೆ ಹೊಡೆದು ನೇತುಹಾಕಬೇಕು, ಆಮೇಲೆ ಕಾಫಿ, ಕೇಕು. ನನ್ನ ಮೊಳೆ ಒಂದೇ ಏಟಿಗೆ ನಿಂತಿತು. ಇದರ ಜೊತೆ ಪುಸ್ತಕ ಇದೆ, ಆಹ್ವಾನವೂ ಇದೆ. ಜೂನ್ 10ಕ್ಕೆ ಪರೀಕ್ಷೆ. ಅಷ್ಟರೊಳಗೆ ವೀಸಾ ಆಗದಿದ್ದರೆ ಜುಲೈಯಲ್ಲಿ ಬನ್ನಿ, ಆಗ ಇಲ್ಲಿ ಬೆಳಕೋ ಬೆಳಕು. ಹಾರವಿಲ್ಲದ ನಿಮ್ಮದೊಂದು ಫೋಟೋ ಇದ್ದರೆ ಕಳಿಸಿ. ನನ್ನ ಗೋಡೆ ಖಾಲಿಯಿದೆ.

ನಿಮ್ಮ ಮಗಳು,
ನೀರಜಾ


ಬೆಂಗಳೂರು
26 ಮೇ 2005

ನೀರಜಾ ಅವರಿಗೆ,

ಪುಸ್ತಕ ತಲುಪಿತು. ಮೊದಲು ಅದನ್ನೇ ತೆರೆದೆ, ಕಾಗದ ಆಮೇಲೆ ಓದೋಣವೆಂದು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಪಕ್ಕದ ಮನೆಯ ರಜನಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಾಳೆ, ಕರೆದು ಓದಿಸಿದೆ. ಅರ್ಪಣೆಯ ಪುಟದಲ್ಲಿ, "ನನ್ನನ್ನು ಒಬ್ಬಳೇ ಬೆಳೆಸಿದ ಅಮ್ಮನ ನೆನಪಿಗೆ." ಅದು ಸತ್ಯ. ಮುಂದಿನ ಪುಟದಲ್ಲಿ ಕೃತಜ್ಞತೆಗಳು. ಸಂಗ್ರಹಾಲಯದವರು, ಮಾರ್ಗದರ್ಶಕಿ, ಎಲ್ಲೆನ್ ಮೊಮ್ಮಗ, ಪುಸ್ತಕ ಹುಡುಕಿಕೊಟ್ಟವರು, ಬೆರಳಚ್ಚು ತಿದ್ದಿದವರು. ಕೊನೆಯಿಂದ ಎರಡನೆಯ ಸಾಲಿನಲ್ಲಿ, "ವೃತ್ತಿಯ ವಿವರಗಳಿಗಾಗಿ ನಟ ರಮಾನಂದ, ಬೆಂಗಳೂರು."

ರಜನಿ ಕುಣಿದಾಡಿಬಿಟ್ಟಳು. "ಅಂಕಲ್, ನಿಮ್ಮ ಹೆಸರು! ಸ್ವೀಡನ್ನಿನ ಪುಸ್ತಕದಲ್ಲಿ! ಈಕೆ ನಿಮಗೆ ಏನಾಗಬೇಕು?"

"ಪರಿಚಯದವರು" ಎಂದೆ. ಹೇಳಿದ ಮೇಲೆ ಗೊತ್ತಾಯಿತು, ಯಾರೂ ಕೂಗುವ ಮೊದಲೇ ನನ್ನ ಕಾಲು ಅರ್ಧ ಹೆಜ್ಜೆ ಹಿಂದೆ ಹೋಗಿತ್ತು.

ಪುಟದ ಕೆಳಗೆ ಜನವರಿ ಎಂದಿದೆ. ನನ್ನ ಮಾರ್ಚಿನ ಕಾಗದ ಬರುವ ಮೊದಲೇ ಅಚ್ಚಿಗೆ ಹೋಗಿರಬೇಕು. ತಪ್ಪು ನಿನ್ನದಲ್ಲ. ನಿನ್ನ ಕಾಗದವನ್ನೂ ಆಮೇಲೆ ಓದಿದೆ, "ಅಪ್ಪ" ಎಂಬುದನ್ನು ಎರಡು ಸಲ ಓದಿದೆ. ಆದರೆ ಕಾಗದ ಒಬ್ಬರು ಓದುವುದು, ಪುಸ್ತಕ ಎಲ್ಲರೂ ಓದುವುದು. ಮುಂದಿನ ಸಾಲಿನಲ್ಲಿ ನಾನು ಕೂತರೆ ಆ ಜನ ಪುಟ ತಿರುಗಿಸಿ ನೋಡಿ ಕೇಳುತ್ತಾರೆ, ಒಬ್ಬಳೇ ಬೆಳೆಸಿದಳಂತೆ, ಇವರು ಯಾರು ಎಂದು. ನೀನು ಏನು ಹೇಳುತ್ತೀಯ? ಅಪ್ಪ ಎಂದರೆ ಪುಸ್ತಕ ಸುಳ್ಳಾಗುತ್ತದೆ, ನಟ ಎಂದರೆ ನಾನು ಸುಳ್ಳಾಗುತ್ತೇನೆ. ನೀನು ಬರೆದದ್ದು ಸರಿಯಾಗಿಯೇ ಇದೆ. ಅಪ್ಪನ ಪಾತ್ರವನ್ನು ನಾನು ಮಾಡಿಲ್ಲ, ಪಾತ್ರ ಮಾಡಿದವರ ಹೆಸರಿನ ಮುಂದೆಯೇ ಪಾತ್ರದ ಹೆಸರು ಹಾಕಬೇಕು.

ಆಹ್ವಾನ ವಾಪಸು ಕಳಿಸಿದ್ದೇನೆ. ನೀನು ಬಾಗಿಲು ಚೆನ್ನಾಗಿ ತೆಗೆದೆ, ಸಂತೋಷ. ಕೋಟನ್ನು ಅಂಗಡಿಗೆ ಹಿಂತಿರುಗಿಸಿದೆ. ಕಡತದಲ್ಲಿ ತಿದ್ದಿದ್ದನ್ನು ಹಾಗೇ ಇರಲು ಬಿಡು, ಮತ್ತೆ ಹೋಗಿ ತೊಂದರೆ ತೆಗೆದುಕೊಳ್ಳಬೇಡ.

ಫೋಟೋ ಕೇಳಿದ್ದೀಯ. ಪೆಟ್ಟಿಗೆಯನ್ನೆಲ್ಲ ತಡಕಿದೆ. ಇನ್ಸ್‌ಪೆಕ್ಟರ್ ಇದ್ದಾನೆ, ಡಾಕ್ಟರ್ ಇದ್ದಾನೆ, ನಾನು ನಾನಾಗಿ ನಿಂತದ್ದು ಒಂದೂ ಇಲ್ಲ. ಆ ಟ್ರಂಕಿನ ಮ್ಯಾನೇಜರ್ ಸಾಯುವ ಮುಂಚೆ 1961ರದನ್ನು ನನಗೇ ಕೊಟ್ಟಿದ್ದ. ಅದನ್ನೇ ಕಳಿಸುತ್ತಿದ್ದೇನೆ. ಇಪ್ಪತ್ಮೂರು ಮನೆ ನೋಡಿದ ಫೋಟೋ, ಮೂಲೆ ಸವೆದಿದೆ. ಮೊಳೆ ಹೊಡೆಯುವುದು ನಿನಗೆ ಹೇಳಿಕೊಡಬೇಕಾಗಿಲ್ಲ. ಹಾರ ಹಾಕುವುದು ಬಿಡುವುದು ನಿನ್ನ ಇಷ್ಟ.

ರಮಾನಂದ
ನಟ, ಬೆಂಗಳೂರು